ಪ್ಯಾಟರ್ನ್ ಪಾಠದಲ್ಲಿ ಅಂಚಿಗೂ ಅಂಕವಿರಲಿ

ಮಾನ್ಯ ಸಂಪಾದಕರೇ,

ಚಿತ್ರಕಲೆಯ ತರಗತಿಯಲ್ಲಿ ಪ್ಯಾಟರ್ನ್ ಎಂದೊಡನೆ ಮಕ್ಕಳು ಸ್ಕೇಲು ಹಿಡಿದು ಚೌಕ ಎಳೆಯುತ್ತಾರೆ, ಪ್ರತಿ ಚೌಕದಲ್ಲೂ ಅದೇ ಹೂವು ಬರೆದು ಬಣ್ಣ ತುಂಬುತ್ತಾರೆ. ಬಣ್ಣ ಗೆರೆ ದಾಟದಿದ್ದರೆ ಪೂರ್ಣ ಅಂಕ. ಇದರಿಂದ ಕೈ ಪಳಗುತ್ತದೆ, ನಿಜ. ಆದರೆ ಪ್ಯಾಟರ್ನ್‌ನ ತಿರುಳಾದ ಪುನರಾವರ್ತನೆಯ ನಿಯಮ ಮತ್ತು ಒಂದು ತುಂಡು ಪಕ್ಕದ್ದಕ್ಕೆ ಕೂಡುವ ಅಂಚು ಎರಡೂ ಪಾಠದಿಂದ ಹೊರಗೇ ಉಳಿಯುತ್ತವೆ.

ಪ್ಯಾಟರ್ನ್‌ಗೆ ಒಂದು ಮೋಟಿಫ್, ಅಂದರೆ ಮತ್ತೆ ಮತ್ತೆ ಬರುವ ಮೂಲ ಚಿತ್ರ, ಬೇಕು. ಅದು ಮತ್ತೆ ಎಲ್ಲಿ, ಯಾವ ಕಡೆ ಮುಖಮಾಡಿ ಬರಬೇಕೆಂಬ ನಿಯಮ ಬೇಕು. ಮೂಲ ಚಲನೆಗಳು ನಾಲ್ಕೇ: ಸರಿಸುವುದು, ತಿರುಗಿಸುವುದು, ಕನ್ನಡಿಯಂತೆ ಮಗುಚುವುದು, ಮಗುಚಿ ಸರಿಸುವುದು. ಇವನ್ನು ಹೇಗೆ ಬೆರೆಸಿದರೂ ಸಮತಲದ ಎರಡು ದಿಕ್ಕಿಗೂ ಹರಡುವ ಪುನರಾವರ್ತನೆಗೆ 17 ಬಗೆಯ ಸಮ್ಮಿತಿ ಮಾತ್ರ ಸಾಧ್ಯವೆಂದು ರಷ್ಯಾದ ಸ್ಫಟಿಕವಿಜ್ಞಾನಿ ಫೆಡೊರೊವ್ 1891ರಲ್ಲೇ ತೋರಿಸಿದ್ದರು. ಒಂದೇ ದಿಕ್ಕಿಗೆ ಸಾಗುವ ಪಟ್ಟಿಗಾದರೆ 7. ಐದು ಎಸಳಿನ ಹೂವನ್ನು ಮೋಟಿಫ್ ಆಗಿ ಧಾರಾಳವಾಗಿ ಬಳಸಬಹುದು. ಆದರೆ ಸಮಪಂಚಭುಜಗಳಿಂದ ಹಾಳೆಯನ್ನು ಸಂದಿಲ್ಲದೆ ಮುಚ್ಚಲಾಗದು. ಅದರ ಒಳಕೋನ 108 ಡಿಗ್ರಿ, ಒಂದು ಬಿಂದುವಿನ ಸುತ್ತಲಿನ 360ನ್ನು ಶೇಷವಿಲ್ಲದೆ ಭಾಗಿಸುವುದಿಲ್ಲ. ಸಮತ್ರಿಭುಜ, ಚೌಕ, ಸಮಷಡ್ಭುಜಗಳ 60, 90, 120 ಭಾಗಿಸುತ್ತವೆ. ಗಣಿತದ ಮೇಷ್ಟ್ರನ್ನು ಚಿತ್ರಕಲೆಯ ತರಗತಿಗೆ ಕರೆಯಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು.

ಅಂಚಿನ ಪಾಠಕ್ಕೆ ಕಂಪ್ಯೂಟರ್ ಬೇಡ. 20 ಸೆಂ.ಮೀ. ಚೌಕದ ಹಾಳೆಯ ನಡುವೆ, ಅಂಚಿಗೆ ಎಲ್ಲೂ ತಾಗದಂತೆ ಚಿತ್ರ ಬರೆಯಬೇಕು. ಹಾಳೆಯನ್ನು ಉದ್ದುದ್ದ ಸರಿಯಾಗಿ 10 ಸೆಂ.ಮೀ.ಗೆ ಕತ್ತರಿಸಿ, ಎಡದ ಅರ್ಧ ಬಲಕ್ಕೆ, ಬಲದ್ದು ಎಡಕ್ಕೆ ಬರುವಂತೆ ಹಿಂಬದಿಯಿಂದ ಟೇಪ್ ಅಂಟಿಸಬೇಕು. ಬಳಿಕ ಅಡ್ಡಡ್ಡ ಕತ್ತರಿಸಿ ಮೇಲಿನ ಮತ್ತು ಕೆಳಗಿನ ಅರ್ಧಗಳನ್ನು ಅದಲುಬದಲು ಮಾಡಬೇಕು. ಮೊದಲಿನ ಅಂಚುಗಳೆಲ್ಲ ಈಗ ನಡುವಿಗೆ ಬಂದು, ಕೂಡುವ ಚಿಹ್ನೆಯ ಆಕಾರದಲ್ಲಿ ಖಾಲಿ ಜಾಗ ಕಾಣುತ್ತದೆ. ಅದನ್ನು ತುಂಬಿಸುವಾಗ ಹೊರ ಅಂಚಿಗೆ ಪೆನ್ಸಿಲ್ ತಾಗಿಸಬಾರದು: ಅಲ್ಲಿಗೆ ಹೋದ ಹೊಸ ಗೆರೆಗೆ ಎದುರು ಬದಿಯಲ್ಲಿ ಜೋಡಿ ಇರುವುದಿಲ್ಲ, ಟೈಲ್‌ಗಳನ್ನು, ಅಂದರೆ ಈ ಚೌಕದ ಪ್ರತಿಗಳನ್ನು, ಜೋಡಿಸಿದಾಗ ಅದು ತುಂಡಾಗಿ ನಿಲ್ಲುತ್ತದೆ. ಕತ್ತರಿ ಓರೆಯಾದರೂ ಇದೇ ಗತಿ, ಒಂದು ಮಿ.ಮೀ. ಅಂತರ ಪ್ರತಿ ಕೂಡಿಕೆಯಲ್ಲೂ ಬಂದು ಕಣ್ಣಿಗೆ ಹೊಡೆಯುತ್ತದೆ. ಇದೇ ಅದಲುಬದಲನ್ನು ಸಾಫ್ಟ್‌ವೇರ್‌ನಲ್ಲಿ (ಆಫ್‌ಸೆಟ್) ಮಾಡುವವರು ಟೈಲಿನ ಅಳತೆಯನ್ನು ಸಮಸಂಖ್ಯೆಯ ಪಿಕ್ಸೆಲ್‌ಗಳಲ್ಲಿ ಇಟ್ಟುಕೊಳ್ಳಲಿ, 1200 ಇದ್ದರೆ 600 ಸರಿಸಿದರಾಯಿತು.

ಒಂದೇ ಟೈಲ್ ನೋಡಿ ತೀರ್ಪು ಕೊಡುವಂತಿಲ್ಲ. ಒಂಬತ್ತು ಪ್ರತಿ ತೆಗೆದು ಮೂರು ಸಾಲಿನಲ್ಲಿ ಜೋಡಿಸಿ, ಗೋಡೆಗೆ ಹಚ್ಚಿ, ಮೂರು ಮೀಟರ್ ದೂರದಿಂದ ಕಣ್ಣು ಕಿರಿದು ಮಾಡಿ ನೋಡಬೇಕು. ಹತ್ತಿರದಲ್ಲಿ ಕಾಣದ ಖಾಲಿ ಓಣಿಗಳು, ಗಾಢ ಬಣ್ಣ ಸಾಲಾಗಿ ಬಿದ್ದು ಹುಟ್ಟಿದ ಪಟ್ಟೆಗಳು ಆಗ ಎದ್ದು ಬರುತ್ತವೆ. ಇದಕ್ಕೆ ಹಾಫ್ ಡ್ರಾಪ್ ಒಳ್ಳೆಯ ಮದ್ದು: ಪಕ್ಕದ ಕಂಬಸಾಲನ್ನು ಟೈಲಿನ ಅರ್ಧ ಎತ್ತರದಷ್ಟು, ಇಲ್ಲಿ 10 ಸೆಂ.ಮೀ., ಕೆಳಗಿಳಿಸುವುದು. ಅಡ್ಡಪಟ್ಟೆ ಒಡೆಯುತ್ತದೆ. ಮೋಟಿಫ್ ಒಂದೇ ಇದ್ದರೆ ಮಾತ್ರ ಅಡ್ಡಗೆರೆಯ ಬದಲು ಓರೆಗೆರೆ ಕಾಣಿಸಿಕೊಳ್ಳುತ್ತದೆ. ದೊಡ್ಡದು, ಮಧ್ಯಮ, ಸಣ್ಣದು ಎಂದು ಮೂರು ಗಾತ್ರ ಬೆರೆಸಿದರೆ ಅದೂ ಕರಗುತ್ತದೆ. ಹಾಫ್ ಡ್ರಾಪನ್ನು, ಕೆಳಗಿಳಿಸದೆ ನೇರವಾಗಿ ಪಕ್ಕಪಕ್ಕ ಹರಡಬಹುದಾದ ಕಂಪ್ಯೂಟರ್ ಫೈಲ್ ಆಗಿ ಉಳಿಸುವುದಾದರೆ ಟೈಲಿನ ಅಗಲ ಎರಡು ಪಟ್ಟಾಗಬೇಕು: ಅಗಲ 40, ಎತ್ತರ 20 ಸೆಂ.ಮೀ.

ಬಟ್ಟೆಗೆ ಹೋಗುವ ವಿನ್ಯಾಸಕ್ಕೆ ಇನ್ನೊಂದು ಲೆಕ್ಕವಿದೆ. ಬಟ್ಟೆಗೆ ಬಣ್ಣ ಅಚ್ಚೊತ್ತುವ ಉರುಳೆಯಾದ ರೋಟರಿ ಸ್ಕ್ರೀನ್‌ನ ರೂಢಿಯ ಸುತ್ತಳತೆ 64 ಸೆಂ.ಮೀ. ರಿಪೀಟ್‌ನ (ಮರುಕಳಿಸುವ ಟೈಲಿನ) ಎತ್ತರ 64, 32, 16 ಹೀಗೆ ಅದನ್ನು ಶೇಷವಿಲ್ಲದೆ ಭಾಗಿಸಬೇಕು. 30ಕ್ಕೆ ಬರೆದು ತಂದ ಚೆಂದದ ವಿನ್ಯಾಸವನ್ನು ಅಲ್ಲಿ ಹಿಗ್ಗಿಸಲೇಬೇಕಾಗುತ್ತದೆ, ಗೆರೆಗಳ ದಪ್ಪವೂ ಜೊತೆಗೇ ಬದಲಾಗುತ್ತದೆ.

ಪಠ್ಯ ರೂಪಿಸುವವರಲ್ಲಿ ಕೋರಿಕೆ ಇಷ್ಟೆ. ಈ ಅಭ್ಯಾಸಕ್ಕೆ ಹತ್ತು ಅಂಕವಿದ್ದರೆ ಅಂಚಿನ ಹೊಂದಿಕೆಗೆ ನಾಲ್ಕು, ದೂರದಿಂದ ಕಾಣುವ ಹರಡಿಕೆಗೆ ಮೂರು, ಮೋಟಿಫ್‌ಗೆ ಎರಡು ಇರಲಿ. ಬಣ್ಣದ ಅಚ್ಚುಕಟ್ಟಿಗೆ ಒಂದು ಸಾಕು. ಮೌಲ್ಯಮಾಪನಕ್ಕೆ ಒಂಟಿ ಟೈಲ್ ಬದಲು ಒಂಬತ್ತು ಟೈಲಿನ ಹಾಳೆಯನ್ನೇ ಕೇಳಲಿ.

ಇಂತಿ,
ವಿನ್ಯಾಸ ಶಿಕ್ಷಕರ ಪರವಾಗಿ