ಹಳೇ ಡೈರಿ ಎತ್ತಿಡೋ ಮುಂಚೆ

ಸಂಪಾದಕರೇ,

ಹೊಸ ಡೈರಿ ತಂದಿಟ್ಟು ಹಳೇದನ್ನ ತಿರುವಿ ಹಾಕ್ತಿದ್ದೆ, ಜನವರಿ ಪುಟಗಳೆಲ್ಲ ಮುತ್ತಿನಂಥ ಅಕ್ಷರ, ಮಾರ್ಚ್ ಹೊತ್ತಿಗೆ ಕಾಗೆ ಕಾಲು, ಜೂನ್ ಆದ್ಮೇಲೆ ಖಾಲಿ ಖಾಲಿ. ದಿನಾ ವಾಕಿಂಗ್ ಅಂತ ಕೆಂಪು ಪೆನ್ನಲ್ಲಿ ಬರ್ದಿದ್ದು 11 ದಿನ ನಡೀತು ಅಷ್ಟೇ. ಆದ್ರೆ ಆಗಸ್ಟಲ್ಲಿ ಒಂದೇ ಒಂದು ಸಾಲಿತ್ತು, ‘ಅಣ್ಣನ ಹತ್ರ ಮಾತಾಡಿದೆ’ ಅಂತ, ಎರಡು ವರ್ಷದ ಮುನಿಸು ಮುಗಿದಿದ್ದು ಅವತ್ತೇ, ಅದು ನನ್ನ ಯಾವ ಲಿಸ್ಟಲ್ಲೂ ಇರ್ಲಿಲ್ಲ ನೋಡಿ! ಜನವರಿಗೆ ಹೆಸರು ಬಂದಿದ್ದು ರೋಮನ್ನರ ಜಾನಸ್ ದೇವರಿಂದ, ಅವನಿಗೆ ಹಿಂದಕ್ಕೊಂದು ಮುಂದಕ್ಕೊಂದು ಮುಖ. ನೀವು ಪೇಪರ್‌ನೋರೂ ವರ್ಷದ ಹಿನ್ನೋಟ ಅಂತ ಬರೀ ಚುನಾವಣೆ, ಕ್ರಿಕೆಟ್, ತೀರಿಕೊಂಡೋರ ಫೋಟೊ ಹಾಕ್ತೀರ, ಈ ಸಲ ಓದುಗರ ಇಂಥ ಒಂದೊಂದು ಸಾಲಿಗೂ ಅರ್ಧ ಪುಟ ಕೊಡಿ ಸಾರ್.

– ನಿಮ್ಮ ಓದುಗ