ಹಳೆಯ ಬೀದಿಗಳಿಗೆ ಪ್ರತ್ಯೇಕ ನಿಯಮ ಬೇಕು

ಮಾನ್ಯ ಸಂಪಾದಕರೇ,

ಕಾಸರಗೋಡು ಪೇಟೆಯ ಹಳೆಯ ವಸತಿ ಬೀದಿಗಳಲ್ಲಿ ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಇಳಿಮಾಡು, ಉದ್ದನೆಯ ಜಗಲಿಗಳುಳ್ಳ ಮನೆಗಳು ಒಂದೊಂದಾಗಿ ಉರುಳಿ, ಅಲ್ಲಿ ಬೀದಿಯ ಅಳತೆಗೆ ಹೊಂದದ ಬಹುಮಹಡಿ ಕಟ್ಟಡಗಳು ಏಳುತ್ತಿವೆ. 2019ರ ಕೇರಳ ಮುನಿಸಿಪಾಲಿಟಿ ಕಟ್ಟಡ ನಿಯಮಗಳು ರಾಜ್ಯದ ನಗರಗಳಿಗೆಲ್ಲ ಸಾಮಾನ್ಯವಾಗಿರುವುದರಿಂದ ಒಂದು ಬೀದಿಯ ಸ್ವರೂಪವನ್ನು ಅವು ತಾವಾಗಿ ಕಾಯಲಾರವು. ಆದರೆ 2016ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯಡಿ ನಗರಸಭೆಯು ಆಯ್ದ ಪ್ರದೇಶಕ್ಕೆ ವಿವರವಾದ ಯೋಜನೆ ರೂಪಿಸಿ, ಕಟ್ಟಡದ ಎತ್ತರವನ್ನೂ ರಸ್ತೆಯಿಂದ ಬಿಡಬೇಕಾದ ಅಂತರವನ್ನೂ ಗೊತ್ತುಪಡಿಸಬಹುದು. ಮಾಡಿನ ಇಳಿಜಾರೂ ಅದರಲ್ಲಿ ಸೇರಲಿ; ಅದು ಬರಿಯ ಅಂದಕ್ಕಲ್ಲವೆಂದು ನಮ್ಮ ಮಳೆಗಾಲ ಕಂಡವರಿಗೆ ಹೇಳಬೇಕಿಲ್ಲ. ದುರಸ್ತಿಗೆ ನೆರವಿಲ್ಲದೆ ನಿರ್ಬಂಧವನ್ನಷ್ಟೇ ಹೇರಿದರೆ ಹಳೆಮನೆಯವರಿಗೆ ಅನ್ಯಾಯವಾಗುತ್ತದೆ. ಕರಡನ್ನು ಮಲಯಾಳದೊಂದಿಗೆ ಕನ್ನಡದಲ್ಲೂ ಪ್ರಕಟಿಸಿ ನಿವಾಸಿಗಳ ಆಕ್ಷೇಪಗಳನ್ನು ಕೇಳಬೇಕೆಂದು ವಿನಂತಿಸುತ್ತೇನೆ.

— ಓರ್ವ ನಿವಾಸಿ, ಕಾಸರಗೋಡು