ಅಪ್ಪನ ಮಾತಿಗೆ ಕಾದವರಿಗೆ

ಅಪ್ಪನ ಸ್ಪೀಚ್ ಥೆರಪಿ ನಿನ್ನೆಗೆ ಮುಗಿಯಿತು. ವಾರಕ್ಕೆ 4 ದಿನ, ದಿನಕ್ಕೆ ಒಂದು ಗಂಟೆ, ಹೀಗೆ 4 ವಾರ. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ 31 ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ತುಂಬಿದ ಬಸ್ಸಿನ ಹಿಂದೆ ನಿಂತು ‘ರೈಟ್’ ಅಂದರೆ ಸಾಕು, ವಿಸಿಲ್ ಬೇಕಿರಲಿಲ್ಲ. ಪಾರ್ಕಿನ್ಸನ್ ಅನ್ನೋ ನಡುಕದ ಕಾಯಿಲೆ ಬಂದ ಮೇಲೆ ಆ ದನಿ ಇಳಿಯುತ್ತಾ ಹೋಯಿತು. ಮಾತ್ರೆಯಿಂದ ಕೈ ನಡುಕ ಹತೋಟಿಗೆ ಬಂತು, ದನಿ ಮಾತ್ರ ಏಳಲಿಲ್ಲ.

‘ಜೋರಾಗಿ ಹೇಳಿ ಅಪ್ಪಾ’ ಅಂತ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದೆ. ‘ಜೋರಾಗೇ ಹೇಳ್ತಿದ್ದೀನಲ್ಲಮ್ಮ, ನಿಮಗೇ ಕಿವಿ ಮಂದ’ ಅನ್ನುತ್ತಿದ್ದರು. ಹಟ ಅಂದುಕೊಂಡೆ. ಕೊನೆಗೆ ಅವರ ಮಾತನ್ನೂ ನಾನೇ ಆಡತೊಡಗಿದೆ. ಕಾಫಿಗೆ ಸಕ್ಕರೆ ಬೇಕಾ ಅಂತ ಅವರನ್ನು ಕೇಳಿದರೂ ಉತ್ತರ ನನ್ನದೇ.

ಮೊದಲ ಥ್ಯಾಂಕ್ಸ್ ಥೆರಪಿಸ್ಟ್ ಮೇಡಂಗೆ. ಮೊದಲ ದಿನವೇ ಅಪ್ಪನ ಮಾತು ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿದರು. ಅಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು ‘ಇದು ನಾನಾ?’ ಅಂದರು. ಈ ಕಾಯಿಲೆಯಲ್ಲಿ ದನಿಯ ಅಳತೆಯೇ ತಪ್ಪುತ್ತದಂತೆ. ಪಿಸುಗುಟ್ಟಿದರೂ ಅವರಿಗೆ ಮಾಮೂಲಿ ದನಿ ಅನ್ನಿಸುತ್ತೆ, ಮಾಮೂಲಿಯಾಗಿ ಮಾತಾಡಿದರೆ ಕೂಗಾಡಿದ ಹಾಗೆ. ಅಪ್ಪ ಹಟ ಮಾಡಿರಲೇ ಇಲ್ಲ. ಅವತ್ತು ಆಟೋದಲ್ಲಿ ನನಗೆ ಅಳು ತಡೆಯಲಾಗಲಿಲ್ಲ.

ಈ ಥೆರಪಿಗೆ ಲೀ ಸಿಲ್ವರ್‌ಮನ್ ಎಂಬ ಅಮೆರಿಕದ ಹೆಂಗಸಿನ ಹೆಸರಿದೆ. ಅವರಿಗೂ ಪಾರ್ಕಿನ್ಸನ್ ಇತ್ತು. ಅವರ ಮಾತು ಕೇಳಿಸಿದರೆ ಸಾಕು ಅಂತ ಮನೆಯವರು ಹಂಬಲಿಸುತ್ತಿದ್ದರಂತೆ. ನಮ್ಮ ಹಾಗೇ ಅಲ್ವಾ!

ಬೆಳಿಗ್ಗೆ 7ಕ್ಕೇ ಅಪ್ಪ ‘ಆ...’ ಅಂತ ದನಿ ಎಳೆಯುವಾಗ ಒಂದು ದಿನವೂ ಗೊಣಗದ ಪಕ್ಕದ ಮನೆಯವರಿಗೆ ಥ್ಯಾಂಕ್ಸ್. ತರಕಾರಿ ಗಾಡಿ ಅಣ್ಣನಿಗಂತೂ ಏನು ಹೇಳಲಿ? ಗಾಡಿಯ ಮೈಕ್ ಆಫ್ ಮಾಡಿ, ಅಪ್ಪ ‘ಕಾಲು ಕೇಜಿ ಬೀನ್ಸ್’ ಅನ್ನೋವರೆಗೂ ಸುಮ್ನೆ ನಿಂತರು. ನನ್ನ ಮುಖ ನೋಡಲಿಲ್ಲ.

ಕಾಯಿಲೆ ಹೋಗಿಲ್ಲ, ಗೊತ್ತು. ಅಭ್ಯಾಸ ದಿನಾ ಮಾಡಲೇಬೇಕು.

ಮೊನ್ನೆ ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅಜ್ಜಿಯೊಬ್ಬರು ಇಳಿಯುವ ಮೊದಲೇ ಬಸ್ಸು ಹೊರಟಿತು. ‘ಹೋಲ್ಡಾನ್!’ ನನ್ನ ಪಕ್ಕದಿಂದಲೇ ಬಂತು ದನಿ. ಬಸ್ಸು ನಿಂತಿತು. ಕಂಡಕ್ಟರ್ ಹತ್ತಿರ ಬಂದು ‘ಯಾವ ಡಿಪೋ ಸರ್ ನೀವು?’ ಅಂತ ಅಪ್ಪನನ್ನೇ ಕೇಳಿದರು. ನಾನು ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡೆ. ಟಿಕೆಟ್ ಕೊಡುವುದಿದ್ದರೂ ಅವರು ಅಲ್ಲೇ ಕಂಬಿ ಹಿಡಿದು ಕಾದರು. ಅವರಿಗೂ ಥ್ಯಾಂಕ್ಸ್. ಸ್ವಲ್ಪ ಹೊತ್ತು ಹಿಡಿಯಿತು, ಅಪ್ಪನೇ ಹೇಳಿದರು.